ನೀರಿನೊಳಗಿನ ಹೊಸ್ತಿಲು

ಮೊನ್ನೆ ಮಂಡಿನೋವಿಗೆಂದು ಚನ್ನರಾಯಪಟ್ಟಣದ ಔಷಧಿ ಅಂಗಡಿಯಲ್ಲಿ ಬಿಸಿನೀರಿನ ಚೀಲವೊಂದನ್ನು ಕೊಂಡೆ. ಮನೆಗೆ ಬಂದು ನೀರು ಕಾಯಿಸಿ ಚೀಲದ ಬಿರಡೆ ತಿರುಗಿಸಿದ್ದೇ ತಡ, ಹೊಸ ರಬ್ಬರಿನ ವಾಸನೆ ಮುಖಕ್ಕೆ ಬಡಿಯಿತು. ಪಾತ್ರೆ ಕೆಳಗಿಟ್ಟು ಅಡುಗೆಕಟ್ಟೆಗೆ ಒರಗಿ ನಿಂತುಬಿಟ್ಟೆ. ಮಂಡಿ ಮರೆತುಹೋಯಿತು. ನಾಲ್ಕು ನೀಲಿ ಕನ್ನಡಕಗಳು ಕಣ್ಣ ಮುಂದೆ ಬಂದವು, ಅವುಗಳ ಹಿಂದೆಯೇ ಜವರಮ್ಮ ಬಂದಳು.

ಹೊಸ ಸಹಸ್ರಮಾನಕ್ಕೆ ಇನ್ನೊಂದು ವರ್ಷವಿತ್ತು. ಹಾಸನದಲ್ಲಿ, ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಒಂದು ಕೋಣೆ ಬಾಡಿಗೆಗೆ ಹಿಡಿದು ಒಬ್ಬಳೇ ಇದ್ದೆ. ಇತಿಹಾಸದಲ್ಲಿ ಎಂ.ಎ. ಮಾಡಿದ್ದೆ. ಮದುವೆಯಾಗಿ ಎರಡು ವರ್ಷಕ್ಕೆ ಗಂಡ ಕಾಮಾಲೆಯಲ್ಲಿ ತೀರಿಕೊಂಡಿದ್ದರು. ಅತ್ತೆಮನೆಯವರು ಗೌರವದಿಂದಲೇ ಕಳಿಸಿಕೊಟ್ಟಿದ್ದರು, ತವರಿನವರು ಗೌರವದಿಂದಲೇ ಇಟ್ಟುಕೊಂಡಿದ್ದರು. ಆ ಗೌರವ ತಡೆಯಲಾರದೆ ಹೊಳೆನರಸೀಪುರದ ಅಣ್ಣನ ಮನೆ ಬಿಟ್ಟು ಕೆಲಸ ಹುಡುಕಿಕೊಂಡು ಹಾಸನಕ್ಕೆ ಬಂದಿದ್ದೆ. ಮೇಷ್ಟರ ಕೆಲಸಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದ ಕಾಲ ಅದು.

ಅದೇ ಬೀದಿಯಲ್ಲಿ ಟ್ರಾವೆಲ್ಸ್ ಕಚೇರಿಯೊಂದಿತ್ತು. ಅದರ ಯಜಮಾನರಿಗೆ ಯಾರೋ ವಿದೇಶಿಯರು ಲಾಡ್ಜಿನಲ್ಲಿ ಬಿಟ್ಟುಹೋದ ಬಣ್ಣದ ಪತ್ರಿಕೆ ಸಿಕ್ಕಿತ್ತು. ಅದರಲ್ಲಿ ದೂರದ ಯಾವುದೋ ದೇಶದ ಒಂದು ದಿನದ ಪ್ರವಾಸದ ಜಾಹೀರಾತು. ಬೆಳಿಗ್ಗೆ ಮಾಯಾ ಎಂಬ ಜನ ಕಟ್ಟಿದ ಕಲ್ಲುಗುಡಿಗಳ ಪಾಳು, ಮಧ್ಯಾಹ್ನ ಕನ್ನಡಕ ಹಾಕಿ ಸಮುದ್ರದಲ್ಲಿ ಮುಖ ಮುಳುಗಿಸಿ ಮೀನು ನೋಡುವುದು, ಸಂಜೆ ನೆಲ ಕುಸಿದು ತಾನಾಗಿ ಆದ ಹೊಂಡಗಳಲ್ಲಿ ಈಜು. ಊಟ, ಗೈಡು ಎಲ್ಲ ಸೇರಿ ಒಂದೇ ಟಿಕೆಟ್ಟು. ಯಜಮಾನರಿಗೆ ಆ ರಾತ್ರಿ ನಿದ್ದೆ ಬರಲಿಲ್ಲವಂತೆ.

"ನಮ್ಮಲ್ಲೇನು ಕಮ್ಮಿ ಆಗಿದೆ ಹೇಳಿ ಮೇಡಂ" ಎಂದರು ನನ್ನನ್ನು ಕೆಲಸಕ್ಕೆ ತೆಗೆದುಕೊಂಡ ದಿನ. "ಮಾಯಾ ಇಲ್ದಿದ್ರೆ ಹೊಯ್ಸಳ ಇಲ್ವಾ? ಸಮುದ್ರ ಇಲ್ದಿದ್ರೆ ಹೇಮಾವತಿ ಹಿನ್ನೀರಿಲ್ವಾ? ಅರಕಲಗೂಡು ಕಡೆ ಬಂಡೆಹೊಂಡ ಇದೆ, ಅದಕ್ಕಿಂತ ಸ್ವಿಮ್ಮಿಂಗ್ ಪೂಲ್ ಬೇಕಾ? ಬೇಲೂರು ಹಳೇಬೀಡು ಎಲ್ಲರೂ ತೋರಿಸ್ತಾರೆ. ನಾವು ಬೇರೆ ತೋರಿಸೋಣ. ಆದ್ರೆ ಒಂದು ಮಾತು, ಹಣೆಗೆ ಏನಾದ್ರೂ ಇಟ್ಕೊಂಡು ಬನ್ನಿ. ಗೈಡ್ ಅಂದ್ಮೇಲೆ ಲಕ್ಷಣವಾಗಿರ್ಬೇಕು."

ಹಾಗೆ ನಾನು ಮತ್ತೆ ಬಿಂದಿ ಇಟ್ಟುಕೊಳ್ಳತೊಡಗಿದೆ. ಅಂಟಿಸುವ ಸಣ್ಣ ಬಿಂದಿ. ಸಂಜೆ ಕೋಣೆಗೆ ಬಂದ ಮೇಲೆ ಕಿತ್ತು ಕನ್ನಡಿಗೆ ಅಂಟಿಸುತ್ತಿದ್ದೆ.

ಪ್ರವಾಸ ಶುರುವಾದದ್ದು ಶಿವರಾತ್ರಿಯ ಆಸುಪಾಸಿನಲ್ಲಿ. ವ್ಯಾನಿನ ಡ್ರೈವರು ರಂಗಪ್ಪ, ಕಟ್ಟಾಯದವನು. ಮನೆಯಲ್ಲಿ ಬೇಸಾಯ, ಮೈಮೇಲೆ ಖಾಕಿ, ಬಾಯಲ್ಲಿ ಸದಾ ಅಡಿಕೆ. ಮುಂಬಯಿಯಿಂದ ತರಿಸಿದ ಆ ನೀರುಗನ್ನಡಕಗಳಿಗೆ ಮೂಗಿನ ಮೇಲೂ ರಬ್ಬರು ಮುಚ್ಚಿಕೊಳ್ಳುತ್ತಿತ್ತು. ಉಸಿರಾಡಲು ಪಕ್ಕದಲ್ಲೊಂದು ಕೊಳವೆ. ರಂಗಪ್ಪ ಮೊದಲ ಸಲ ಅದನ್ನು ಎತ್ತಿ ಹಿಡಿದು, "ಇದೇನ್ ಮೇಡಮ್ಮೋರೆ, ಆನೆ ಸೊಂಡ್ಲು ಕಣ್ಲಾ ಅಂತ ಐಕ್ಳು ನಗಲ್ವಾ? ನಮ್ ಎಮ್ಮೆ ಇದಿಲ್ದೆಯೇ ದಿನಾ ನೀರೊಳ್ಗೆ ಮಲಗ್ತದೆ" ಎಂದ.

ಬೆಳಿಗ್ಗೆ ಮೊದಲು ಮೊಸಳೆ. ಊರಿನ ನಡುವೆ ಒಂದೇ ಅಚ್ಚಿನ ಎರಡು ಗುಡಿಗಳು, ಒಂದು ಶಿವನದು, ಇನ್ನೊಂದು ವಿಷ್ಣುವಿನದು. ಒಂದನ್ನು ನೋಡಿದರೆ ಇನ್ನೊಂದನ್ನು ನೋಡಿದಂತೆಯೇ. ನಡುವೆ ಒಂದಷ್ಟು ಮಾರು ಜಾಗ. ಏಳೆಂಟು ನೂರು ವರ್ಷಗಳಿಂದ ಹತ್ತಿರವೇ ನಿಂತಿವೆ, ತಾಕಿಕೊಂಡಿಲ್ಲ. ನಾನು ಅಲ್ಲಿ ದಿನವೂ ಅವೇ ಮಾತು ಹೇಳುತ್ತಿದ್ದೆ, ಅವೇ ಜಾಗದಲ್ಲಿ ಜನ ನಗುತ್ತಿದ್ದರು. ಒಂದು ತಾಪತ್ರಯ ಮಾತ್ರ ಯಜಮಾನರಿಗೆ ಹೊಳೆದಿರಲಿಲ್ಲ. ಟಿಕೆಟ್ಟಿನ ಮೇಲೆ ಮೊದಲು ಮೊಸಳೆ, ಆಮೇಲೆ ನೀರು ಎಂದು ಅಚ್ಚಾಗಿತ್ತು. ಬೆಂಗಳೂರಿನ ಹೆಂಗಸರು ಹಿನ್ನೀರಿನ ದಡ ಮುಟ್ಟುತ್ತಲೇ ಮಕ್ಕಳ ರಟ್ಟೆ ಹಿಡಿದು, ನೀರಿಗೆ ಇಳಿಯುವುದಿಲ್ಲ ಎಂದು ನಿಂತುಬಿಡುತ್ತಿದ್ದರು. ಅದು ಊರಿನ ಹೆಸರು, ಇಲ್ಲಿ ಪ್ರಾಣಿ ಇಲ್ಲ ಎಂದು ನಾನು, ಇದ್ರೂ ಬ್ಯಾಸಗೇಲಿ ಬರಲ್ಲ ಎಂದು ರಂಗಪ್ಪ. ಅವನ ಸಮಾಧಾನದಿಂದ ಇಳಿದಿದ್ದವರೂ ಮೇಲೆ ಬರುತ್ತಿದ್ದರು.

ಹಿನ್ನೀರಿನ ದಡದಲ್ಲಿ ಜವರಮ್ಮನ ಗುಡಿಸಲಿತ್ತು. ಮಧ್ಯಾಹ್ನದ ಊಟ ಅವಳದು: ಮುದ್ದೆ, ಸೊಪ್ಪಿನ ಬಸ್ಸಾರು, ಅನ್ನ, ಬೇಕಾದವರಿಗೆ ಮೀನು. ಗಂಡ ತೆಪ್ಪ ಹಾಕುತ್ತಿದ್ದ. ನಲವತ್ತರ ಹತ್ತಿರದ ಹೆಂಗಸು, ಕಟ್ಟುಮಸ್ತು, ಮಾತಿಗೆ ಮೊದಲು ನಗು. ಜನ ಕನ್ನಡಕ ಹಾಕಿಕೊಂಡು ಮೊಣಕಾಲುದ್ದದ ನೀರಿನಲ್ಲಿ ಬಗ್ಗಿ, ಅಣೆಕಟ್ಟು ಕಟ್ಟಿದಾಗ ಮುಳುಗಿದ ಊರಿನ ಗೋಡೆಪಾಯ ನೋಡಿ ಕಿರುಚುತ್ತಿದ್ದರೆ ಅವಳು ಒಲೆ ಬಿಟ್ಟು ಬಂದು ನನ್ನ ಪಕ್ಕ ಕೂರುವಳು.

"ಅಮ್ಮೋ, ದಿನಾ ಅಷ್ಟೊಂದು ಮಾತಾಡ್ತೀರಲ್ಲ, ಗಂಟ್ಲು ನೋಯಲ್ವಾ?" ಎಂದು ಒಂದು ದಿನ ಕೇಳಿದಳು.

"ರೂಢಿಯಾಗಿದೆ."

"ಅದೆಲ್ಲ ಅವ್ರ ತಾವ ಆಡೋ ಮಾತು. ನಿಮ್ ಮಾತು ಯಾರ್ ತಾವ ಆಡ್ತೀರಿ?"

ನನ್ನ ಮಾತು ಕೇಳುವವರು ಆಗ ಯಾರೂ ಇರಲಿಲ್ಲ. ಕೋಣೆಗೆ ಹೋಗಿ ಬೀಗ ತೆಗೆದರೆ ಮಾರನೆಯ ಬೆಳಿಗ್ಗೆ ರಂಗಪ್ಪ ಹಾರನ್ನು ಹೊಡೆಯುವವರೆಗೆ ಬಾಯಿ ಬಿಡುವ ಅಗತ್ಯವೇ ಬೀಳುತ್ತಿರಲಿಲ್ಲ. ಹಗಲೆಲ್ಲ ಜನರ ನಡುವೆ ಇದ್ದರೂ ಅಷ್ಟೇ. ಪ್ರತಿ ಜಾಗದಲ್ಲೂ ಕ್ಯಾಮೆರಾ ನನ್ನ ಕೈಗೆ ಕೊಟ್ಟು, "ಮೇಡಂ, ಒಂದು ಫೋಟೋ" ಎಂದು ಸಾಲಾಗಿ ನಿಲ್ಲುತ್ತಿದ್ದರು. ನಾನು ತೆಗೆದ ಚಿತ್ರಗಳು ಈಗಲೂ ಎಷ್ಟೋ ಮನೆಗಳ ಆಲ್ಬಮ್ಮಿನಲ್ಲಿ ಇರಬಹುದು. ಒಂದರಲ್ಲೂ ನಾನಿಲ್ಲ. ನೀವೂ ಬನ್ನಿ ಎಂದು ಯಾರಾದರೂ ಅಂದರೆ ಏನು ಮಾಡುವುದು ಎಂದು ಮೊದಮೊದಲು ಸೀರೆ ಸರಿಮಾಡಿಕೊಳ್ಳುತ್ತಿದ್ದೆ. ಆಮೇಲೆ ಅದೂ ಬಿಟ್ಟುಹೋಯಿತು.

ಬಂಡೆಹೊಂಡದಲ್ಲಿ ಈಜು ಮುಗಿಸಿ, ಸಂಜೆ ವಾಪಸು ಬರುವಾಗ ಹೊಳೆನರಸೀಪುರದಲ್ಲಿ ಕಾಫಿಗೆ ನಿಲ್ಲುತ್ತಿದ್ದೆವು. ಹೋಟೆಲಿನಿಂದ ಅಣ್ಣನ ಮನೆ ಎರಡು ಬೀದಿ ಆಚೆ. ನಾನು ವ್ಯಾನಿನಲ್ಲೇ ಕೂತಿರುತ್ತಿದ್ದೆ. ಒಂದು ದಿನ ಟೈರು ಪಂಚರಾಯಿತು. ರಂಗಪ್ಪ ಜ್ಯಾಕು ತೆಗೆಯುತ್ತ, "ಓಗ್ಬನ್ನಿ ಮೇಡಮ್ಮೋರೆ, ಅರ್ಧ ಗಂಟೆ ಆಯ್ತದೆ" ಎಂದ. ಹೋದೆ.

ತಂಗಿ ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟಿದ್ದಳು. ಬಂದಿದ್ದಾಳೆಂದೇ ನನಗೆ ಗೊತ್ತಿರಲಿಲ್ಲ. ನಡುಮನೆಯಲ್ಲಿ ಮಣೆ, ಮೊರದಲ್ಲಿ ಅಕ್ಕಿ, ಬೆಲ್ಲದಚ್ಚು, ಕೊಬ್ಬರಿ ಬಟ್ಟಲು. ತವರಿನಿಂದ ಹೊರಡುವ ಮಗಳಿಗೆ ಮಡಿಲು ತುಂಬುವ ಏರ್ಪಾಟು. ಅತ್ತಿಗೆ ನನ್ನನ್ನು ನೋಡಿ ಗಾಬರಿಯಾದರು. ಕೆಟ್ಟವರಲ್ಲ ಪಾಪ.

"ವಸುಧಾ, ಒಳಗೆ ಕಾಫಿ ಇದೆ, ಕುಡೀತಿರು. ಐದೇ ನಿಮಿಷ, ಇದೊಂದು ಮುಗಿಸಿಬಿಡ್ತೀನಿ" ಎಂದರು.

ಅಡುಗೆಮನೆಯಲ್ಲಿ ನಿಂತು ಕಾಫಿ ಕುಡಿದೆ. ಬೊಗಸೆಯಿಂದ ರೇಷ್ಮೆ ಸೆರಗಿಗೆ ಅಕ್ಕಿ ಬೀಳುವ ಸದ್ದು ಕೇಳುತ್ತಿತ್ತು. ಮಡಿಲು ತುಂಬಿಸಿಕೊಂಡ ಮೇಲೆ ಮಗಳು ಅದರಲ್ಲೇ ಒಂದು ಹಿಡಿ ತೆಗೆದು ಮೊರಕ್ಕೆ ವಾಪಸು ಹಾಕಬೇಕು, ತವರು ಬರಿದಾಗಬಾರದೆಂದು. ಆ ಸದ್ದೂ ಕೇಳಿಸಿತು. ಲೋಟ ತೊಳೆದಿಟ್ಟು ಹಿತ್ತಿಲ ಬಾಗಿಲಿನಿಂದ ಹೊರಟುಬಂದೆ. ಅತ್ತಿಗೆಯ ಮೇಲೆ ನನಗೆ ಸಿಟ್ಟಿರಲಿಲ್ಲ. ಅಮ್ಮ ಇದ್ದಿದ್ದರೂ ಹಾಗೆಯೇ ಮಾಡುತ್ತಿದ್ದಳು, ಅದೇ ನನಗೆ ತಡೆಯಲಾಗಲಿಲ್ಲ.

ಬೇಸಿಗೆ ಏರಿದಂತೆ ಹಿನ್ನೀರು ಇಳಿಯುತ್ತ ಹೋಯಿತು. ದಡ ದಿನದಿನಕ್ಕೆ ದೂರ ಸರಿದು, ಒಡೆದ ಕೆಸರಿನ ಬಯಲು ಉದ್ದವಾಯಿತು. ಮುಳುಗಿದ ಊರಿನ ಗುಡಿಯ ಎರಡು ಕಂಬಗಳು ಮೊದಲು ತಲೆಯೆತ್ತಿದವು, ಆಮೇಲೆ ಭುಜ. ಪ್ರವಾಸಿಗಳಿಗೆ ಖುಷಿ. ಜವರಮ್ಮ ಮಾತ್ರ ಒಲೆ ಮುಂದೆ ಕೂತವಳು ಮತ್ತೆಮತ್ತೆ ಎದ್ದು ಬಂದು ಕಣ್ಣಿಗೆ ಕೈ ಅಡ್ಡ ಹಿಡಿದು ಆ ಕಂಬಗಳನ್ನು ನೋಡುತ್ತಿದ್ದಳು.

"ನೀರು ಇಳೀತಾ ಅದೆ ಕಣಮ್ಮೋ" ಎಂದಳು. "ಈ ಸಲ ನಮ್ಮಟ್ಟಿ ತಂಕ ಇಳೀತದೆ."

"ನಿಮ್ಮ ಹಟ್ಟಿ ಅಲ್ಲಿತ್ತಾ?"

"ನಮ್ ತವ್ರು. ಗುಡಿ ಹಿಂದ್ಲೆಯಾ."

ಅವತ್ತು ಸಾರು ಕುದಿಯುತ್ತಿರುವಾಗ ಎಲ್ಲ ಹೇಳಿದಳು. ಊರಿಗೆ ನೀರು ಬರುತ್ತದೆಂದು ಎಲ್ಲರೂ ಗಾಡಿ ಕಟ್ಟುತ್ತಿದ್ದ ವರ್ಷವೇ ಅವಳ ಮದುವೆ. ಧಾರೆಯಾದದ್ದು ಹೊಸ ಜಾಗದ ತಗಡಿನ ಶೆಡ್ಡಿನಲ್ಲಿ.

"ಬಾಗ್ಲು, ತೊಲೆ, ಎಂಚು ಎಲ್ಲ ಕಿತ್ಕೊಂಡ್ ಬಂದಿದ್ರು. ಕಲ್ಲಿನ ಒಸ್ಲು ಯಾರ್ ಒತ್ಕೊಂಡ್ ಬತ್ತಾರೆ? ಅದಲ್ಲೇ ಉಳೀತು. ನಂಗೆ ಮಡ್ಲು ತುಂಬಕ್ಕೆ ನಮ್ಮವ್ವ ಒಪ್ನಿಲ್ಲ. ಒಸ್ಲಿಲ್ದೆ ಮಡ್ಲು ತುಂಬುದ್ರೆ ಬಿಕ್ಸೆ ಆಯ್ತದೆ, ನೀರು ಇಳ್ದಾಗ ಬಾ ಮಗ, ನಮ್ಮೊಸ್ಲು ಒಳ್ಗೆ ನಿಂತ್ಕೊಂಡು ತುಂಬ್ತೀನಿ ಅಂದ್ಲು."

"ಆಮೇಲೆ?"

"ನೀರು ಅಷ್ಟೊಂದು ಇಳೀನೇ ಇಲ್ಲ. ಅವ್ವ ಒಂಟೋದ್ಲು. ಬರಿ ಮಡ್ಲಲ್ಲಿ ಬಂದೋಳು ನಾನು. ಇದ್ಕೇ ನಂಗೆ ಮಕ್ಳು ನಿಲ್ನಿಲ್ಲ ಅಂತ ನಮ್ಮತ್ತೆ ಸಾಯೋಗಂಟ ಅಂದ್ಲು." ಸೌಟು ಆಡಿಸಿದಳು. "ಇನ್ನು ಮಕ್ಳು ಆಗೋ ವಯಸ್ಸೇನಲ್ಲ. ಆದ್ರೂ ಒಂದು ಸಲ ತುಂಬಿಸ್ಕಬೇಕು ಕಣಮ್ಮೋ. ನಂಗೂ ಒಂದು ಮನೆ ಇತ್ತು ಅಂತ ಆಗ್ಬೇಕು."

ಅವಳ ಅಣ್ಣ ಹೊಸ ಊರಿನಲ್ಲಿದ್ದ. ಮಳೆ ಹಿಡಿಯುವ ಮೊದಲು ಬಂದು ಹೊಸ್ತಿಲೊಳಗೆ ನಿಂತು ಮಡಿಲು ತುಂಬುತ್ತೇನೆಂದು ಮಾತು ಕೊಟ್ಟಿದ್ದ. ಇವತ್ತು, ನಾಳೆ, ಮುಂದಿನ ಸೋಮವಾರ ಎಂದು ದಿನ ತಳ್ಳುತ್ತಿದ್ದ. ಅಷ್ಟರಲ್ಲಿ ಮಲೆನಾಡಿನ ಕಡೆ ಮೋಡ ಕಟ್ಟತೊಡಗಿತು. ಸಕಲೇಶಪುರದ ಆಚೆ ನಾಲ್ಕು ದಿನ ಮಳೆ ಹೊಯ್ದರೆ ಸಾಕು, ಇಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. ನಮ್ಮ ಯಜಮಾನರೂ ಈ ವಾರಕ್ಕೆ ಪ್ರವಾಸ ನಿಲ್ಲಿಸುತ್ತೇನೆಂದರು. ಇನ್ನೊಂದೇ ಸಲ ಹೋಗಿ, ಜವರಮ್ಮನ ಬಳಿ ಇಟ್ಟಿದ್ದ ಪಾತ್ರೆ, ಕನ್ನಡಕ ತರಬೇಕಾಗಿತ್ತು.

ಅದಕ್ಕೆ ಮುಂಚಿನ ಸಲ ಹೊರಡುವಾಗ ಜವರಮ್ಮ ವ್ಯಾನಿನ ಕಿಟಕಿಗೆ ಬಂದಳು. "ಅಣ್ಣ ಈ ಸಲ ಖಂಡಿತ ಬತ್ತಾನೆ. ಬಂದ್ರೂ ಬರಿಗೈಲಿ ಬತ್ತಾನೆ, ನಂಗೊತ್ತು. ನಂದೇ ಅಕ್ಕಿ ನಂಗೆ ತುಂಬುಸ್ಕಂಡ್ರೆ ಆಯ್ತದಾ? ಬರ್ತಾ ಒಂದ್ ಸೇರು ಅಕ್ಕಿ ತನ್ನಿ ಅಮ್ಮೋ" ಎಂದಳು.

ತಿಂಗಳ ಕೊನೆ. ನನ್ನ ಡಬ್ಬಿಯಲ್ಲಿ ಸರಿಯಾಗಿ ಅಷ್ಟೇ ಇತ್ತು. ತಳದವರೆಗೆ ಬಾಚಿ ಚೀಲಕ್ಕೆ ಸುರಿದುಕೊಂಡು ಹೊರಟೆ.

ಹೋದಾಗ ಜವರಮ್ಮ ಮಿಂದು, ಹಸಿರು ಸೀರೆಯುಟ್ಟು, ದಾರಿ ನೋಡುತ್ತ ಕೂತಿದ್ದಳು. ಗಂಡ ಮೀನು ಮಾರಲು ಪೇಟೆಗೆ ಹೋಗಿದ್ದ. ಬಿಸಿಲು ನೆತ್ತಿಗೆ ಬಂತು. ರಂಗಪ್ಪ ಪಾತ್ರೆಗಳನ್ನೆಲ್ಲ ವ್ಯಾನಿಗೆ ತುಂಬಿ ಬೇವಿನ ನೆರಳಿನಲ್ಲಿ ಒಂದು ನಿದ್ದೆಯನ್ನೂ ಮುಗಿಸಿದ. ಅಣ್ಣ ಬರಲಿಲ್ಲ. ಪಡುವಣದಲ್ಲಿ ಆಕಾಶ ಕಪ್ಪಾಗುತ್ತಿತ್ತು.

ಜವರಮ್ಮ ಎದ್ದಳು. "ರಂಗಪ್ಪ, ತೆಪ್ಪ ಆಕು. ಒಸ್ಲಾದ್ರೂ ನೋಡ್ಕೊಂಡ್ ಬತ್ತೀನಿ."

"ಬ್ಯಾಡ ಕಣಕ್ಕ, ಅಲ್ಲೆಲ್ಲ ಕೆಸ್ರು. ಕಾಲು ಊತ್ಕತದೆ."

"ಊತ್ಕಳ್ಲಿ. ನಮ್ ಬೀದಿ ಅದು."

ಅಕ್ಕಿಯ ಚೀಲ ಹಿಡಿದುಕೊಂಡು ನಾನೂ ಹತ್ತಿದೆ. ಯಾಕೆ ಹತ್ತಿದೆನೋ ತಿಳಿಯದು. ಹೇಮಾವತಿಯ ದಡದಲ್ಲಿ ಹುಟ್ಟಿ ಬೆಳೆದವಳು, ಈಜು ಬರುವುದಿಲ್ಲ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಹೊಳೆಗೆ ಇಳಿಯುತ್ತಿದ್ದದ್ದು ಬಿಂದಿಗೆ ಹಿಡಿದುಕೊಂಡು ಮಾತ್ರ. ಗುಡಿಯ ಕಂಬ ದಾಟಿ ರಂಗಪ್ಪ ತೆಪ್ಪ ನಿಲ್ಲಿಸಿದ. ಜವರಮ್ಮ ಇಳಿದಳು, ಸೊಂಟದವರೆಗೆ ನೀರು. ಕಾಲಿನಲ್ಲೇ ತಡಕಾಡಿದಳು, ಆ ಕಡೆ, ಈ ಕಡೆ. ಎಲ್ಲ ಕಡೆ ಕಲ್ಲೇ. ಯಾವುದು ಯಾರ ಮನೆಯ ಕಲ್ಲೆಂದು ಕಾಲಿಗೆ ತಿಳಿಯಲಿಲ್ಲ.

"ಒಸ್ಲು ಪಕ್ಕ ಕುಟ್ಟೋ ಒಳಕಲ್ಲು ಅದೆ. ಬಾಯಿ ಸೀಳಿದ್ದು" ಎಂದಳು. "ಅದಿದ್ರೆ ನಮ್ದೇ."

ಅವಳಿಂದ ವಾಪಸು ಪಡೆದ ಕನ್ನಡಕಗಳ ಚೀಲ ನನ್ನ ಹೆಗಲಲ್ಲೇ ಇತ್ತು. ಆ ಬೇಸಿಗೆಯುದ್ದಕ್ಕೂ ಬಂದವರಿಗೆಲ್ಲ ಅವನ್ನು ಕಟ್ಟಿದ್ದೆ, ನಾನು ಒಮ್ಮೆಯೂ ಹಾಕಿರಲಿಲ್ಲ. ಒಂದು ತೆಗೆದು ಮುಖಕ್ಕೆ ಒತ್ತಿಕೊಂಡೆ. ಬಿಂದಿ ಅದರ ರಬ್ಬರಿಗೆ ಅಂಟಿ ಕಿತ್ತುಬಂತು. ನೀರಿಗಿಳಿದು, ತೆಪ್ಪದ ಅಂಚು ಹಿಡಿದು, ಕೊಳವೆ ಕಚ್ಚಿ ಮುಖ ಮುಳುಗಿಸಿದೆ.

ಮೊದಲು ನನ್ನ ಉಸಿರಿನ ಸದ್ದೇ ಜೋರಾಗಿ ಕೇಳಿಸಿತು. ಆಮೇಲೆ ಕಣ್ಣು ಹೊಂದಿಕೊಂಡಿತು. ಹಸಿರು ಬೆಳಕು. ಜವರಮ್ಮನ ಪಾದ, ಅದರ ಬೆಳ್ಳಿ ಕಾಲುಂಗುರ. ಪಾಚಿ ಹಿಡಿದ ಚಪ್ಪಡಿಗಳು, ಅರ್ಧ ಹೂತ ಮಡಕೆಯ ಕಂಠ. ಅಷ್ಟು ಹೊತ್ತು ಉಸಿರಾಡುತ್ತಿದ್ದೇನೆ ಎಂಬುದೇ ನನಗೆ ಆಶ್ಚರ್ಯವಾಗಿತ್ತು. ಸ್ವಲ್ಪ ಮುಂದೆ, ಕೆಸರಿನಲ್ಲಿ ಒಂದು ದುಂಡನೆಯ ಗುಳಿ ಕಾಣಿಸಿತು. ಕೈಯಿಂದ ಕೆಸರು ಸರಿಸಿದೆ. ನೀರು ಕದಡಿ, ಮತ್ತೆ ತಿಳಿಯಾಗುವವರೆಗೆ ಕಾದೆ. ಒಳಕಲ್ಲು. ಅಂಚಿನಲ್ಲಿ ಸೀಳು. ಅದರ ಪಕ್ಕದಲ್ಲಿ ಉದ್ದಕ್ಕೆ ಮಲಗಿದ ಹೊಸ್ತಿಲು, ನಡುವಿನಲ್ಲಿ ಕಾಲು ತುಳಿದು ತುಳಿದು ಸವೆದಿತ್ತು.

ಅವಳ ಕೈ ಹಿಡಿದು ಕರೆದುಕೊಂಡು ಹೋಗಿ ನಿಲ್ಲಿಸಿದೆ. ಜವರಮ್ಮ ಪಾದದಿಂದ ಆ ಸವೆದ ಜಾಗವನ್ನು ಸವರಿದಳು. ಅಳಲಿಲ್ಲ. "ಇದೇ" ಎಂದಳು. ಆಮೇಲೆ ನನ್ನನ್ನು ಹೊಸ್ತಿಲ ಒಳಗಡೆಗೆ ತಳ್ಳಿ, ತಾನು ಹೊರಗೆ ನಿಂತು, ಸೆರಗನ್ನು ಎದೆಮಟ್ಟಕ್ಕೆ ಎತ್ತಿ ಹಿಡಿದಳು.

"ತುಂಬಿ ಅಮ್ಮೋ."

"ನಾನು ತುಂಬಬಾರದು ಜವರಮ್ಮ. ನನಗೆ ಗಂಡ ಇಲ್ಲ. ಆ ಬಿಂದಿ ಕೆಲಸಕ್ಕೆ ಇಟ್ಟುಕೊಳ್ಳೋದು."

"ನಂಗೊತ್ತು. ರಂಗಪ್ಪ ಯಾವತ್ತೋ ಏಳಿದ್ದ."

"ಗೊತ್ತಿದ್ದೂ ಕೇಳ್ತೀಯಲ್ಲ."

"ನಮ್ಮವ್ವಂಗೂ ಗಂಡ ಇರ್ನಿಲ್ಲ. ಅವಳಿವತ್ತು ಇಲ್ಲಿ ನಿಂತಿದ್ರೆ, ಆಚೆಗೋಗವ್ವ, ಬ್ಯಾರೆಯೋರು ತುಂಬ್ಲಿ ಅಂತಿದ್ನಾ?" ಸೆರಗು ಇನ್ನಷ್ಟು ಎತ್ತಿದಳು. "ಕೈ ನೋಯ್ತದೆ, ತುಂಬಿ."

ರಂಗಪ್ಪ ತೆಪ್ಪದಿಂದ ಅಕ್ಕಿಯ ಚೀಲ ಕೊಟ್ಟು ಮುಖ ಆ ಕಡೆ ತಿರುಗಿಸಿಕೊಂಡ. ನಾನು ಬೊಗಸೆ ತುಂಬಿ ಹಾಕಿದೆ. ಒಂದಷ್ಟು ಕಾಳು ನೀರಿಗೆ ಬಿದ್ದವು, ಸಣ್ಣ ಮೀನುಗಳು ಬಂದು ನಮ್ಮಿಬ್ಬರ ಸುತ್ತ ಆಡಿದವು. ಐದು ಬೊಗಸೆ ಹಾಕುವ ಹೊತ್ತಿಗೆ ನನಗೆ ಕಣ್ಣು ಕಾಣಿಸುತ್ತಿರಲಿಲ್ಲ. ಅಡುಗೆಮನೆಯಲ್ಲಿ ನಿಂತು ಕೇಳಿದ ಸದ್ದೇ ಅದು, ಈ ಸಲ ನನ್ನ ಕೈಯಿಂದ ಬರುತ್ತಿತ್ತು. ಚೀಲದಲ್ಲಿ ಉಳಿದದ್ದನ್ನೂ ಸುರಿದುಬಿಟ್ಟೆ.

ಜವರಮ್ಮ ಮಡಿಲಿನಿಂದ ಒಂದು ಹಿಡಿ ತೆಗೆದಳು. ಮೊರವಿರಲಿಲ್ಲ. ನನ್ನ ಒದ್ದೆ ಸೆರಗನ್ನು ತಾನೇ ಎಳೆದುಕೊಂಡು ಅದರಲ್ಲಿ ಹಾಕಿ ಗಂಟು ಕಟ್ಟಿದಳು.

"ತವ್ರು ಬರಿದಾಗ್ಬಾರ್ದು" ಎಂದಳು. ಆಮೇಲೆ, ಅಷ್ಟು ದಿನ ಅಮ್ಮೋ ಎನ್ನುತ್ತಿದ್ದವಳು, ತಲೆ ತಗ್ಗಿಸಿ, "ಓಗ್ಬತ್ತೀನಿ ಕಣವ್ವ" ಎಂದಳು.

ಅವಳಿಗಿಂತ ನಾನು ಎಷ್ಟೋ ವರ್ಷ ಚಿಕ್ಕವಳು. ಆದರೂ ಹೊಸ್ತಿಲೊಳಗೆ ನಿಂತವರು ಹೇಳಬೇಕಾದದ್ದು ಒಂದೇ ಮಾತು. "ಹೋಗಿ ಬಾ" ಎಂದೆ.

ವ್ಯಾನು ಕಟ್ಟಾಯ ದಾಟುವ ಮೊದಲೇ ಮಳೆ ಹಿಡಿಯಿತು. ಕೋಣೆಗೆ ಬಂದು ಗಂಟು ಬಿಚ್ಚಿದೆ. ಒಂದು ಹಿಡಿ ಒದ್ದೆ ಅಕ್ಕಿ. ಬೇಯಿಸಿದರೆ ಒಂದು ಹೊತ್ತಿಗೂ ಸಾಲದು. ಕಾಗದದ ಮೇಲೆ ಹರಡಿ ಒಣಗಿಸಿ, ಬರಿದಾಗಿದ್ದ ಡಬ್ಬಿಗೆ ಹಾಕಿದೆ. ಕನ್ನಡಿಯಲ್ಲಿ ಬಿಂದಿ ಇರಲಿಲ್ಲ. ಹಣೆಯಲ್ಲಿ ರಬ್ಬರಿನ ಗುರುತು ದುಂಡಗೆ ಉಳಿದಿತ್ತು.

ಮಳೆಗಾಲ ಮುಗಿಯುವುದರೊಳಗೆ ನನಗೆ ಚನ್ನರಾಯಪಟ್ಟಣದ ಶಾಲೆಯಲ್ಲಿ ಕೆಲಸ ಸಿಕ್ಕಿತು. ಯಜಮಾನರು ಮದುವೆ ಬಸ್ಸಿನ ವ್ಯಾಪಾರಕ್ಕಿಳಿದರು. ಮರುಬೇಸಿಗೆ ಹಿನ್ನೀರಿಗೆ ಹೋಗಿದ್ದೆ. ನೀರು ಕಂಬಗಳ ತಲೆಯ ಮೇಲಿತ್ತು. ಗುಡಿಸಲಿದ್ದ ಜಾಗದಲ್ಲಿ ಒಲೆಯ ಮೂರು ಕಲ್ಲು ಮಾತ್ರ. ಗಂಡನಿಗೆ ಮೀನಿನ ಗುತ್ತಿಗೆ ತಪ್ಪಿತೆಂದೂ, ಕೊಡಗಿನ ಕಡೆ ಕೂಲಿಗೆ ಹೋದರೆಂದೂ ರಂಗಪ್ಪ ಹೇಳಿದ. ಯಾವ ಊರೆಂದು ಅವನಿಗೂ ತಿಳಿಯದು. ನಾನು ಹಾಸನ ಬಿಟ್ಟದ್ದು ಅವಳಿಗೂ ತಿಳಿಯದು. ಒಬ್ಬರ ಮನೆ ಒಬ್ಬರಿಗೆ ಗೊತ್ತಿಲ್ಲದೆ ಇಷ್ಟು ವರ್ಷವಾಯಿತು.

ಅಂದಿನಿಂದ ಆ ಡಬ್ಬಿ ತಳ ಕಾಣಲು ನಾನು ಬಿಟ್ಟಿಲ್ಲ. ಎರಡು ಬೆರಳು ಅಕ್ಕಿ ಇರುವಾಗಲೇ ಅದರ ಮೇಲೆ ಹೊಸದು ಸುರಿಯುತ್ತೇನೆ. ಆ ಕಾಳುಗಳು ಇನ್ನೂ ಅಲ್ಲಿವೆ ಎಂದು ನಂಬುವಷ್ಟು ದಡ್ಡಿಯಲ್ಲ, ಆದರೂ ಬಿಡಲು ಆಗುವುದಿಲ್ಲ. ಮೊನ್ನೆ ಚೀಲಕ್ಕೆ ಕೊನೆಗೂ ಬಿಸಿನೀರು ತುಂಬಿ, ಮಂಡಿಗೆ ಕಾವು ಕೊಟ್ಟುಕೊಂಡು, ಸಂಜೆ ಅಕ್ಕಿ ತರಲು ಹೋದೆ.

"ಒಬ್ಬರೇ ಇರೋದು, ಇಷ್ಟು ಬೇಗ ಖಾಲಿಯಾಯ್ತಾ ಮೇಡಂ?" ಎಂದ ಅಂಗಡಿಯವನು.

"ಖಾಲಿಯಾಗಿಲ್ಲ. ಮಗಳು ಬರೋದಿದೆ" ಎಂದೆ.

ಅವನು ತೂಗಿ ಕಟ್ಟಿಕೊಟ್ಟ.